ಬಟ್ಟೆ ಒಗೆಯುವ ಕಲ್ಲು

ನಾನು ಮೊದಲೇ ಪುಕ್ಕಲಿ. ಪೊಲೀಸ್ ಜೀಪು ಕಂಡರೆ ಮಾಡದ ತಪ್ಪಿಗೂ ಬೆವರುವವಳು. ಅವತ್ತು ಹಂಪಿ ಹತ್ತಿರದ ಮ್ಯೂಸಿಯಂಗೆ ಹೋದದ್ದೂ ಹಳೆಯ ಕಲ್ಲು ನೋಡುವ ಆಸೆಯಿಂದಲ್ಲ. ವಿರೂಪಾಕ್ಷನ ದರ್ಶನ ಮುಗಿಸಿ ಬರುವಾಗ ಬಿಸಿಲಿಗೆ ಅತ್ತೆಗೆ ತಲೆ ಸುತ್ತಿತು. ಒಳಗೆ ಫ್ಯಾನಿತ್ತು, ಅಷ್ಟೇ.

ಎರಡನೆಯ ಕೋಣೆಯಲ್ಲಿ ನನಗೆ ಕಾಲು ಕಿತ್ತಿಡಲಾಗಲಿಲ್ಲ. ಗೋಡೆಗೆ ಒರಗಿಸಿದ್ದ ಕಲ್ಲಿನಲ್ಲಿ ಬಳೆ ತೊಟ್ಟ ಒಂದು ತೋಳು, ಮೇಲಕ್ಕೆತ್ತಿದ ಅಂಗೈ. ಮಾಸ್ತಿಕಲ್ಲು, ಗಂಡನ ಚಿತೆಯೇರಿದವಳ ನೆನಪಿಗೆ ನಿಲ್ಲಿಸಿದ್ದು ಎಂದು ಕೆಳಗೆ ಬರೆದಿತ್ತು. ಅಂಥದೇ ತೋಳು ಬುಕ್ಕಸಾಗರದ ನಮ್ಮ ಹಿತ್ತಲಲ್ಲಿದೆ. ಹೋದ ತಿಂಗಳು ಬಚ್ಚಲು ರಿಪೇರಿಗೆ ಬಂದ ಮೇಸ್ತ್ರಿ ಬಟ್ಟೆ ಒಗೆಯುವ ಕಲ್ಲನ್ನು ಮಗುಚಿದಾಗ ಅಡಿಯಲ್ಲಿ ಕಂಡಿತ್ತು. "ಇದ್ದಂಗ ಇಡ್ರಿ" ಎಂದು ಮತ್ತೆ ಬೋರಲು ಹಾಕಿಸಿ ಬಾಯಿ ಮುಚ್ಚಿಕೊಂಡಿದ್ದೆ. ಅತ್ತೆಗೂ ಹೇಳಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಆ ಕಲ್ಲಿನಾಕೆಯ ಬೆನ್ನ ಮೇಲೆ ಮನೆಮಂದಿಯ ಕೊಳೆಯನ್ನೆಲ್ಲ ಬಡಿದಿದ್ದೇನಲ್ಲ! ಸರ್ಕಾರದವರಿಗೆ ಗೊತ್ತಾದರೆ ಕಲ್ಲಿನ ಜೊತೆ ನನ್ನ ಗಂಡನನ್ನೂ ಎಳೆದುಕೊಂಡು ಹೋಗುತ್ತಾರೆ.

ಅಷ್ಟರಲ್ಲಿ ಅತ್ತೆ ಚಪ್ಪಲಿ ಬಿಟ್ಟು ಕಲ್ಲಿಗೆ ಕೈ ಮುಗಿದರು.

"ಈಕಿ ನಮ್ಮ ಮನ್ಯಾಗೂ ಅದಾಳಲ್ಲ" ಎಂದರು, ಎಲ್ಲಿದ್ದೇವೆಂಬುದನ್ನೇ ಮರೆತವರಂತೆ ಗಟ್ಟಿಯಾಗಿ.

ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಕಾವಲುಗಾರ ಎದ್ದು ಬಂದ. "ಯಾವೂರಮ್ಮ ನಿಮ್ದು?"

"ಮೆಟ್ರಿ" ಎಂದೆ. ಸುಳ್ಳು ಹೇಗೆ ಬಂತೋ ಕಾಣೆ. "ನಮ್ಮತ್ತಿಗೆ ಬಿಸಿಲು ತಲಿಗೇರೈತ್ರಿ. ಏನೇನೋ ಮಾತಾಡ್ತಾರ."

ಅವನು ನನ್ನನ್ನು ಭಾಳ ಹೊತ್ತು ನೋಡಿದ. "ನೀರು ಕುಡಸ್ರಿ" ಎಂದು ಹೋಗಿ ಕುಳಿತ.

ಆಟೋ ಹತ್ತುವವರೆಗೂ ಅತ್ತೆಯ ರಟ್ಟೆ ಬಿಡಲಿಲ್ಲ. "ನಿಮಗ ಮೊದ್ಲೇ ಗೊತ್ತಿತ್ತೇನ್ರಿ ಅತ್ತಿ?" ಎಂದು ಪಿಸುಗುಟ್ಟಿದೆ.

"ಬೋರಲ ಹಾಕ್ಸಿದಾಕಿನೇ ನಾನು. ಮಕ ಮ್ಯಾಲಿದ್ರ ಸರ್ಕಾರದವ್ರು ಆಕೀನೂ ಇಲ್ಲೇ ತಂದು ನಿಲ್ಲಸ್ತಿದ್ರು. ನೀ ಒಗಿಯೂಕಿಂತ ಮೊದ್ಲು ದಿನಾ ಆಕಿಗೆ ಒಂದು ಚೆಂಬು ನೀರು ಯಾಕ ಹಾಕ್ತೀನಿ ಅಂತ ಮಾಡೀದಿ?"

ಕಲ್ಲು ತೊಳೆಯಲಿಕ್ಕೆ ಅಂದುಕೊಂಡಿದ್ದೆ, ಇಷ್ಟು ವರ್ಷ.

ಮರುದಿನ ಬೆಳಿಗ್ಗೆ ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಚೆಂಬು ನನ್ನ ಕೈಗೆ ಕೊಟ್ಟರು. "ಇವತ್ತಿಂದ ನೀ ಹಾಕು. ನನ್ನ ಕೈ ಸೋತಾವು."

ಚೆಂಬು ಬಗ್ಗಿಸುವಷ್ಟರಲ್ಲಿ ಬೀದಿಯಲ್ಲಿ ಯಾವುದೋ ಬೈಕು ನಿಂತ ಸದ್ದಾಯಿತು. ನೀರೆಲ್ಲ ನನ್ನ ಕಾಲ ಮೇಲೇ ಚೆಲ್ಲಿತು. ಅತ್ತೆ ಬೈಯಲಿಲ್ಲ. ಎದ್ದು ಬಂದು ಇನ್ನೊಂದು ಚೆಂಬು ತುಂಬಿಕೊಟ್ಟರು.

"ನಾನೂ ಭಾಳ ವರ್ಷ ಹಿಂಗ ಚೆಲ್ಲೀನಿ. ಹಾಕು."