ಕುಂಕುಮದ ಗುರುತಿಗೆ ಕೂತ ಹೆಡ್

ನಮ್ಮ ಹಳೇ ಕಾರಿನ ಎಂಜಿನ್ನಿನ ಮೇಲ್ಮುಚ್ಚಳ, ಅಂದರೆ ಹೆಡ್, ಬಿರುಕು ಬಿಟ್ಟದ್ದು ನನ್ನ ಕೈಯಿಂದ. ಆದರೆ ಎಲ್ಲರಿಗೂ ನಾನು ಹೇಳಿದ್ದು, ಹೆಂಡತಿ ಬಿಸಿಯ ಮುಳ್ಳು ನೋಡದೆ ಓಡಿಸಿದಳು ಎಂದು. ಅಂದು ಚೆನ್ನೈಯ ಕೋಯಂಬೇಡು ಮಾರುಕಟ್ಟೆಯಿಂದ ನಮ್ಮ ಹೋಟೆಲಿಗೆ ತರಕಾರಿ ತಂದವಳು, ಎಂಜಿನ್ ಕಾದಿದೆ ಎಂದು ಹೇಳಿಯೇ ಒಳಗೆ ಹೋಗಿದ್ದಳು. ನನಗೆ ಅವಸರ. ಕುದಿಯುತ್ತಿದ್ದ ಎಂಜಿನ್ನಿಗೆ ತಣ್ಣೀರು ಸುರಿದೆ. ಟಕ್ ಎಂದದ್ದು ನನಗೊಬ್ಬನಿಗೇ ಕೇಳಿತು. ಆಮೇಲೆ ಅವಳು ಸ್ಟೀರಿಂಗ್ ಮುಟ್ಟಲಿಲ್ಲ. ಕಾರು ಶೆಡ್ಡಿನಲ್ಲೇ ಕೂತಿತು.

ಹೋಟೆಲನ್ನು ಮಗಳಿಗೆ ಬಿಟ್ಟುಕೊಟ್ಟ ಮೇಲೆ ನಿಶ್ಚಯ ಮಾಡಿದೆ: ಎಂಜಿನ್ ಕಟ್ಟಬೇಕು, ನಿಜ ಹೇಳಬೇಕು, ಕೀ ಅವಳ ಕೈಗೇ ಕೊಡಬೇಕು.

ಒಂದೇ ಸಾಲಿನಲ್ಲಿ ಆರು ಸಿಲಿಂಡರ್ ಇರುವ ಆ ಎಂಜಿನ್ನಿಗೆ ಸರಿಯಾದ ಹೆಡ್ ಎಲ್ಲೂ ಸಿಗಲಿಲ್ಲ. ಹಳೇ ಸಾಮಾನಿನ ಪಲ್ಲಾವರಂ ಸಂತೆಯಲ್ಲಿ ಬೇರೆ ಮಾದರಿಯದೊಂದು ಸಿಕ್ಕಿತು. ಬೋಲ್ಟಿನ ತೂತುಗಳು ಹೊಂದಿದವು, ನೀರು ಹರಿಯುವ ತೂತುಗಳು ಹೊಂದಲಿಲ್ಲ.

"ಸೇರಾದು ಸಾರ್. ಎಡೈಕ್ಕು ಪೋಟ್ಟು ಟೀ ಕುಡಿಂಗ" ಎಂದ ಲೇತ್ ಅಂಗಡಿಯವನು. ಸೇರುವುದಿಲ್ಲವಂತೆ, ಗುಜರಿಗೆ ತೂಕಕ್ಕೆ ಹಾಕಿ ಚಹಾ ಕುಡಿಯಬೇಕಂತೆ! ಸೇರಿಸದೆ ಬಿಡುವುದಿಲ್ಲ ಎಂದು ಹೇಳಿ ಬಂದೆ.

ದೇವರ ಕುಂಕುಮವನ್ನು ಎಳ್ಳೆಣ್ಣೆಯಲ್ಲಿ ಕಲಸಿ, ಹೆಡ್ ಕೂರುವ ಬ್ಲಾಕಿನ ಮೇಲೆ ತೆಳ್ಳಗೆ ಸವರಿದೆ. ಸ್ವೀಟ್ ಡಬ್ಬಿಗಳ ರಟ್ಟನ್ನು ಒಂದಕ್ಕೊಂದು ಅಂಟಿಸಿ ಅದರ ಮೇಲೆ ಒತ್ತಿದೆ. ಕೆಂಪು ಹತ್ತದ ಜಾಗವೆಲ್ಲ ತೂತು. ಅವನ್ನು ಕತ್ತರಿಸಿ, ಅಡಿಮೇಲು ಮಲಗಿಸಿದ ಹೆಡ್ಡಿನ ಮೇಲೆ ಕೆಂಪು ಕೆಳಗಾಗಿ ರಟ್ಟು ಹಾಸಿ ಸೀಮೆಸುಣ್ಣ ಹಿಡಿದೆ.

ಕುಂಕುಮದ ಭರಣಿ ಹುಡುಕುತ್ತ ಬಂದ ಹೆಂಡತಿ ಬಗ್ಗಿ ನೋಡಿದಳು. "ಎಂತ ಮಾರಾಯ್ರೆ, ಹೆಡ್ಡನ್ನು ದೋಸೆ ಮಗುಚಿದ ಹಾಗೆ ಮಗುಚಿದ್ದೀರಲ್ಲ! ರಟ್ಟನ್ನೂ ಮಗುಚ್ಬೇಕು, ಕೆಂಪು ಮೇಲೆ ಬರ್ಬೇಕು. ಹೀಗೆ ತೂತು ಕೊರೆದ್ರೆ ಎಡದ್ದು ಬಲಕ್ಕೆ ಹೋಗ್ತದೆ."

ಅವಳೇ ರಟ್ಟು ತಿರುಗಿಸಿಟ್ಟಳು. ಇನ್ನು ಮುಂದೂಡುವುದು ನನ್ನಿಂದಾಗಲಿಲ್ಲ. "ಅಂದು ಹೆಡ್ ಒಡೆದದ್ದು ನೀನಲ್ಲ. ನಾನು ತಣ್ಣೀರು ಹೊಯ್ದೆ."

ಅವಳ ಕೈ ರಟ್ಟಿನ ಮೇಲೆಯೇ ಇತ್ತು. "ಹಾಗಾದ್ರೆ ಇಷ್ಟು ವರ್ಷ ನಾನು ಬಸ್ಸಲ್ಲಿ ಬದನೆಕಾಯಿ ಹೊತ್ತದ್ದು ನಿಮ್ಮ ಸುಳ್ಳಿಗಾ?"

"ಹೌದು."

"ಮಗಳ ಹತ್ರವೂ ಹೇಳಿ. ನಾನಲ್ಲ, ನೀವೇ."

ಹೇಳಿದೆ. ಮಗಳು "ಅಪ್ಪಾ!" ಎಂದಷ್ಟೇ ಹೇಳಿ ತಿರುಗಿ ಅಮ್ಮನ ಮುಖ ನೋಡಿದಳು. ಹೆಂಡತಿ ಕೆಲವು ದಿನ ನನಗೆ ಊಟ ಬಡಿಸಿದಳು, ಮಾತು ಬಡಿಸಲಿಲ್ಲ. ನಾನು ಕೆಲಸ ಬಿಡಲಿಲ್ಲ. ಬೇಡದ ತೂತುಗಳಿಗೆ ಹಿತ್ತಾಳೆಯ ಬಿರಡೆ ತಿರುಗಿಸಿ, ಗುರುತಿನ ಮೇಲೆ ಹೊಸತು ಕೊರೆಸಿದೆ. ಲೇತಿನವನು ಈಗ ನಗಲಿಲ್ಲ. ಹೆಡ್ಡಿನ ಮುಖವನ್ನು ತಾನೇ ಸಮ ಮಾಡಿಕೊಟ್ಟ. ಹಾಗೆ ಹೆರೆದು ಹೆಡ್ ತೆಳುವಾದ್ದರಿಂದ ವಾಲ್ವುಗಳನ್ನು ಎತ್ತುವ ಕಡ್ಡಿಗಳು ಅಳತೆಗಿಂತ ಉದ್ದವಾದವು. ಮತ್ತೆ ಬಿಚ್ಚಿದೆ, ಅವನ್ನು ಗಿಡ್ಡ ಮಾಡಿಸಿ ಮತ್ತೆ ಕಟ್ಟಿದೆ.

ಎಂಜಿನ್ ಮತ್ತೆ ಚಾಲೂ ಆದ ದಿನ ಹೆಂಡತಿಯತ್ತ ಕೀ ಚಾಚಿದೆ. ಅವಳು ಸೆರಗು ಸಿಕ್ಕಿಸಿ ಸ್ಟೀರಿಂಗ್ ಮುಂದೆ ಕೂತಳು. ಪಲ್ಲಾವರಂ ಹತ್ತಿರ ಟ್ರಾಫಿಕ್ಕಿನಲ್ಲಿ ಬಿಸಿಯ ಮುಳ್ಳು ಮೇಲೇರಿತು. ಅವಳು ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿದಳು. ನನ್ನ ಕೈ ತಾನಾಗಿ ನೀರಿನ ಕ್ಯಾನಿಗೆ ಹೋಯಿತು.

"ಕೈ ತೆಗೀರಿ," ಎಂದಳು.

ತೆಗೆದೆ. ಎಂಜಿನ್ ತಣ್ಣಗಾಗುವವರೆಗೂ ಇಬ್ಬರೂ ಕಾದು ಕೂತೆವು.