ಫೋಟೊ ಬಂದ ದಾರಿ ಹಿಡಿದು

ಪತ್ರಿಕೆಯ ಡೆಸ್ಕಿನಿಂದ ನಿವೃತ್ತನಾಗಿ ಕುಂದಾಪುರದ ಮನೆಗೆ ಬಂದ ಮೇಲೆ, ಭಾನುವಾರ ಬೆಳಿಗ್ಗೆ ಕೇರಿಯ ನಾಲ್ಕು ಮಕ್ಕಳಿಗೆ ಜಗಲಿಯಲ್ಲಿ ಒಂದು ಆಟ ಆಡಿಸುತ್ತಿದ್ದೆ. ಮೊಬೈಲಿಗೆ ಬಂದ ಫೋಟೊವನ್ನು ಅಂತರ್ಜಾಲದಲ್ಲಿ ಹುಡುಕಿ, ಅದು ಮೊದಲು ಎಲ್ಲಿ ಕಾಣಿಸಿಕೊಂಡಿತೆಂದು ಪತ್ತೆ ಮಾಡಬೇಕು. ಗೆದ್ದವರಿಗೆ ನೆಲಗಡಲೆ ಚಿಕ್ಕಿ. ಎರಡು ಕಡೆ ಖಾತ್ರಿಯಾಗದೆ "ಸಿಕ್ತ್" ಎಂದು ಕೂಗಿದರೆ ಚಿಕ್ಕಿ ವಾಪಸು. ತಿಂದಾಗಿದ್ದರೆ ಮುಂದಿನ ವಾರದ್ದು ಖೋತಾ.

ಮಕ್ಕಳಲ್ಲಿ ಒಬ್ಬಳು ನಮ್ಮ ಕೇರಿಗೆ ಮೀನು ತರುವ ಹೆಂಗಸಿನ ಮೊಮ್ಮಗಳು, ಆರನೇ ಕ್ಲಾಸು. ಒಂದು ಭಾನುವಾರ ಅವಳು ಚಿಕ್ಕಿ ಡಬ್ಬದ ಕಡೆ ನೋಡಲೇ ಇಲ್ಲ. ಮೂರು ದಿನದಿಂದ ಅಜ್ಜಿಯ ಬುಟ್ಟಿ ಹೋದಷ್ಟೇ ಭಾರವಾಗಿ ಮನೆಗೆ ಮರಳುತ್ತಿತ್ತು. ಕೇರಿಯ ಎಲ್ಲ ಮೊಬೈಲುಗಳಲ್ಲೂ ಒಂದೇ ಫೋಟೊ: ಹೊಟ್ಟೆ ಸೀಳಿದ ಮೀನು, ಒಳಗೆ ಬಿಳಿ ಹುಳ, ಮೇಲೆ 'ನಮ್ಮ ಕಡಲಿನ ಬಂಗುಡೆ, ತಿನ್ನಬೇಡಿ' ಎಂಬ ಅಕ್ಷರ. ಇನ್ನೊಂದು ವಾರ ಹೀಗೇ ಆದರೆ ಅಜ್ಜಿ ಈ ಕೇರಿಗೆ ಮೀನು ತರುವುದನ್ನೇ ಬಿಡುವವಳಿದ್ದಳು.

"ಇವತ್ತ್ ಇದನ್ನೇ ಹುಡ್ಕುವ," ಎಂದ ಹುಡುಗಿ ಫೋಟೊ ಹಿಗ್ಗಿಸಿ ನೋಡಿದವಳೇ ನಕ್ಕಳು. "ಅಜ್ಜಯ್ಯ, ಇದ್ ಬಂಗುಡೆಯೇ ಅಲ್ಲ. ಬಾಲ ಕಾಣಿ, ಬೇರೆಯೇ ಇತ್ತ್."

ಹುಡುಕಿದಾಗ ಅದೇ ಚಿತ್ರ ಯಾವುದೋ ಚಳಿದೇಶದ ಎರಡು ತಾಣಗಳಲ್ಲಿ ಸಿಕ್ಕಿತು. ಹಾಕಿ ವರ್ಷಗಳೇ ಆಗಿದ್ದವು. ನಾನು ಡಬ್ಬ ತೆರೆದೆ.

"ತಡಿರಿ," ಎಂದ ಒಬ್ಬ ಹುಡುಗ. "ನಮ್ ಕೇರಿಗ್ ಇದನ್ನ್ ತಂದದ್ ಯಾರ್?"

ಇದು ನನ್ನ ನಿಯಮದಲ್ಲಿ ಇರಲಿಲ್ಲ. ನಾಲ್ವರೂ ಮನೆಮನೆಗೆ ಕೇಳಲು ಓಡಿದರು. ಒಳ್ಳೆಯ ವರದಿಗಾರರಾಗುತ್ತಾರೆ ಎಂದುಕೊಂಡು ನಾನು ಕಾಫಿ ಕುಡಿದೆ. ಅರ್ಧ ಗಂಟೆಯಲ್ಲಿ ಮರಳಿದರು. ಆ ಹುಡುಗನೇ ವರದಿ ಶುರುಮಾಡಿದ.

"ನಮ್ಮನಿಗ್ ಎದ್ರ್ ಮನಿಯಿಂದ ಬಂತ್. ಅವ್ರಿಗ್ ಮೂಲೆ ಮನಿ ಅಕ್ಕ. ಅಕ್ಕಂಗೆ..."

"ಅಕ್ಕಂಗೆ?"

"ನಿಮ್ಮನಿ ಅಮ್ಮ."

ಅಡುಗೆಮನೆಯಿಂದ ಹೆಂಡತಿಯ ಧ್ವನಿ: "ನಂಗ್ ಕಳ್ಸದ್ದ್ ಇವ್ರೇ ಮಕ್ಳೆ!"

ನಿಜ. ಮರೆತೇಬಿಟ್ಟಿದ್ದೆ: ಹಳೆಯ ಸಹೋದ್ಯೋಗಿಯಿಂದ ಬಂದದ್ದನ್ನು ಅವಳಿಗೆ ಕಳಿಸಿ, 'ಹೌದಾ? ಮೀನಿನವಳನ್ನು ಕೇಳು' ಎಂದು ಪ್ರತ್ಯೇಕ ಸಂದೇಶ ಬರೆದಿದ್ದೆ. ಖಾತ್ರಿ ಮಾಡಿಕೊಳ್ಳುವ ಹಳೆಯ ಅಭ್ಯಾಸ. ಫೋಟೊ ಕೇರಿಗೆ ಹೋಯಿತು, ಪ್ರಶ್ನೆ ನಮ್ಮ ಮನೆಯಲ್ಲೇ ಉಳಿಯಿತು.

"ನಾನು ಕೇಳಿದ್ದಷ್ಟೇ," ಎಂದೆ.

"ಎರಡ್ ಕಡೆ ಕೇಂಡ್ರ್ಯಾ?" ಹುಡುಗಿಯ ಪ್ರಶ್ನೆ.

"ಇಲ್ಲ."

"ಹಂಗಾರೆ ನಿಮ್ ಚಿಕ್ಕಿ ಖೋತಾ. ಮತ್ತೆ, ಪೇಪರಲ್ಲಿ ತಿದ್ದುಪಡಿ ತಪ್ಪ್ ಬಂದ ಜಾಗದಲ್ಲೇ ಹಾಕ್ಕ್ ಅಂದದ್ ನೀವೇ ಅಲ್ದಾ? ತಪ್ಪ್ ಮನಿಮನಿಗ್ ಹೋಯ್ತ್. ನೀವೂ ಹೋಯ್ಕ್."

ಸೋಮವಾರ ಹೆಚ್ಚಿನ ಮನೆಗಳಲ್ಲಿ ಮೀನಿಲ್ಲ; ನನಗೆ ಒಂದು ದಿನದ ವಾಯಿದೆ ಸಿಕ್ಕಿತು. ಮಂಗಳವಾರ ಅಜ್ಜಿಯ ಹಿಂದೆ ಹೊರಟೆ. ಮೊದಲ ಗೇಟಿನಲ್ಲಿ ತಗ್ಗಿದ ದನಿಯಲ್ಲಿ, ಆ ಫೋಟೊ ಸುಳ್ಳು, ಕೇರಿಗೆ ತಂದವನು ನಾನು ಎಂದೆ.

"ಹ್ವಾಯ್, ಸ್ವಲ್ಪ ಜೋರ್ ಹೇಳಿ ಮರಾಯ್ರೆ!" ಅಜ್ಜಿ ಬುಟ್ಟಿ ಇಳಿಸುತ್ತಾ ಅಂದಳು. "ಕಳ್ಸುಕೆ ಇಲ್ದಿದ್ ನಾಚ್ಕಿ ಹೇಳುಕ್ ಎಂತಕ್ಕೆ?"

ಎರಡನೇ ಗೇಟಿನಿಂದ ಜೋರಾಗಿಯೇ ಹೇಳಿದೆ. ಮೂಲೆ ಮನೆಯ ಅಕ್ಕ ನಗು ತಡೆಯಲಾರದೆ ಎರಡು ಪಾತ್ರೆ ತಂದಳು. ನಮ್ಮ ಮನೆ ತಲುಪುವಾಗ ಬುಟ್ಟಿಯಲ್ಲಿ ಉಳಿದದ್ದು ನಾಲ್ಕೇ ಬಂಗುಡೆ. ಹೆಂಡತಿ ಒಂದೊಂದನ್ನೂ ಎತ್ತಿ, ನನ್ನ ಮುಖ ನೋಡುತ್ತಾ, ಬಾಲ ಪರೀಕ್ಷಿಸಿ ತೆಗೆದುಕೊಂಡಳು.

ಅಜ್ಜಿ ಖಾಲಿ ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡಳು. "ನಾಳೆ ಬತ್ತೆ," ಅಂದಳು.