ಕೊರಳಿಗೆ ಗಂಟೆ ಕಟ್ಟಿಕೊಂಡವಳು

ಬಾಯಿಬಡುಕಿ ಎಂದೇ ಅವಳನ್ನು ಎಲ್ಲರೂ ಕರೆಯುತ್ತಿದ್ದುದು. ಕರೆಯಲಿ ಬಿಡಿ! ಮದುವೆಯಾಗಿ ಬಂದಾಗಿನಿಂದ ಕುರಿ ಕಾಯುವವಳು ಮಾತು ಆಡದೆ ಹೊತ್ತು ಕಳೆಯುವುದಾದರೂ ಹೇಗೆ? ಮಾತೆಲ್ಲ ಅಜ್ಜಿಯ ಜೊತೆ. ಅಜ್ಜಿ ಎಂದರೆ ಮಂದೆಯ ಮುಂದಾಳು, ಒಂದು ಮುದಿ ಕುರಿ. ಕೊರಳ ಗಂಟೆ ಆಡಿಸುತ್ತ ಅದು ಎತ್ತ ಹೋದರೆ ಮಂದೆಯೂ ಅತ್ತಲೇ.

ಆ ಅಜ್ಜಿಗೇ ನೀಲಿ ನಾಲಿಗೆ ರೋಗ ಬಡಿಯಿತು. ಮುಖ ಊದಿ, ಬಾಯೆಲ್ಲ ಹುಣ್ಣಾಯಿತು. ದನದ ಡಾಕ್ಟರು ನೋಡಿದರು.

"ಇದು ಮುಟ್ಟಿದ್ರೆ ಬರೋದಲ್ಲಮ್ಮ, ನುಸಿ ಕಚ್ಚಿ ಹರಡೋದು. ಇದನ್ನ ಕಚ್ಚಿದ ನುಸಿ ಮಿಕ್ಕವನ್ನ ಕಚ್ಚಿದ್ರೆ ಮಂದೆನೇ ಹೋಗುತ್ತೆ. ಇದನ್ನ ದೂರ ಇಡಿ. ಉಳಿದವನ್ನ ಹೊತ್ತು ಮುಳುಗೋಕೆ ಮುಂಚೆ ಒಳಗೆ ಹಾಕಿ ಬಾಗಿಲಿಗೆ ನುಸಿ ಪರದೆ ಬಿಗೀರಿ."

ಹೇಳಿ ಹೋದರು, ಅವರದೇನು ಹೋಗಬೇಕು! ಅಜ್ಜಿ ಮುಂದಿಲ್ಲದೆ ಒಂದು ಕುರಿಯೂ ಜಪ್ಪಯ್ಯ ಎಂದರೂ ಕೊಟ್ಟಿಗೆಯ ಹೊಸ್ತಿಲು ದಾಟಲಿಲ್ಲ. ಗಂಡ ಒಂದನ್ನು ಎತ್ತಿ ಒಳಗೆ ಹಾಕಿದರೆ ಎರಡು ಹೊರಗೆ ಓಡುತ್ತಿದ್ದವು. ಅವನಿಗೂ ಸಾಕುಬೇಕಾಯಿತು. ಕೊನೆಗೆ ಅವಳೇ ಅಜ್ಜಿಯ ಗಂಟೆಯನ್ನು ತನ್ನ ಕೊರಳಿಗೆ ಕಟ್ಟಿಕೊಂಡು, ಬಗ್ಗಿ, ಆಡಿಸುತ್ತ ಒಳಗೆ ನಡೆದಳು. ಮಂದೆ ತೆಪ್ಪಗೆ ಹಿಂದೆ ಬಂತು.

"ನನ್ನ ಹೆಂಡ್ತಿಗೆ ಬಡ್ತಿ ಸಿಕ್ತು," ಎಂದು ಗಂಡ ಹೊರಗಿನಿಂದ ಪರದೆ ಬಿಗಿಯುತ್ತ ನಕ್ಕ.

"ನಗಿ, ನಗಿ. ನಾನು ಹೊರಗೆ ಬರೋದು ಹೇಗೆ, ಅದನ್ನ ಹೇಳಿ ಮೊದ್ಲು!"

ಅವಳು ಬಾಗಿಲ ಕಡೆ ಹೆಜ್ಜೆ ಇಟ್ಟರೆ ಕುರಿಗಳೂ ಬಾಗಿಲಿಗೇ ನುಗ್ಗುತ್ತಿದ್ದವು. ಗಂಟೆ ಬಿಚ್ಚಿಟ್ಟರೆ ಗಾಬರಿಯಾಗಿ ಪರದೆಗೆ ಗುದ್ದುತ್ತಿದ್ದವು. ಅಂದಿನಿಂದ ದಿನವೂ ಸಂಜೆಯಿಂದ ಬಿಸಿಲೇರುವವರೆಗೆ ಅವಳೂ ಒಳಗೇ. ಊಟ ಕಿಂಡಿಯಲ್ಲಿ ಬರುತ್ತಿತ್ತು. ಸೆಖೆ, ಗಂಜಳದ ಘಾಟು. ಕಾಲು ಚಾಚಲೂ ಜಾಗವಿಲ್ಲದೆ ಅವಳಿಗೆ ಅಳು ಬರುತ್ತಿತ್ತು. ಹಗಲು ಹಿತ್ತಲ ಆಚೆ ತುದಿಯಲ್ಲಿ ಕಟ್ಟಿದ್ದ ಅಜ್ಜಿಗೆ ಗಂಜಿ ಕುಡಿಸುತ್ತ, "ಬೇಗ ಎದ್ದೇಳೇ ತಾಯಿ, ನಿನ್ನ ಕೆಲಸ ನನ್ನ ಕೈಲಾಗಲ್ಲ," ಎಂದು ಬೇಡಿಕೊಳ್ಳುತ್ತಿದ್ದಳು.

ಒಂದು ಸಂಜೆ ಪರದೆ ಬಿಗಿದ ಸ್ವಲ್ಪ ಹೊತ್ತಿಗೆ ಅಜ್ಜಿ ಕೂಗಿತು. ಗಂಡ ಓಡಿಬಂದ.

"ಉಸಿರು ಎಳೀತಿದೆ. ನಿನ್ನನ್ನೇ ಹುಡುಕ್ತಿದೆ ಕಣೇ. ಪರದೆ ತೆಗೀಲಾ?"

ಕುರಿಗಳು ಆಗಲೇ ಕಿವಿ ನಿಮಿರಿಸಿ ಬಾಗಿಲಿಗೆ ಒತ್ತುತ್ತಿದ್ದವು. ಪರದೆಯ ಹೊರಗೆ ನುಸಿ ಮುತ್ತಿತ್ತು.

"ತೆಗೀಬೇಡಿ! ತಲೆ ತೊಡೆ ಮೇಲೆ ಇಟ್ಕೊಳ್ಳಿ. ಮಾತಾಡಿಸಿ."

"ನಂಗೇನು ಮಾತು ಬರುತ್ತೆ?"

"ಏನಾದ್ರೂ ಹೇಳ್ರಿ. ನಾನು ಬರ್ತಿದೀನಿ ಅನ್ನಿ."

ಅವನು ಹೋದ. ಅಜ್ಜಿ ಮತ್ತೆ ಕೂಗಿತು. ಅವಳೊಂದು ಮಾತು ಕೂಗಿದ್ದರೆ ಅದಕ್ಕೆ ಕೇಳುತ್ತಿತ್ತು. ಅದು ಓಗೊಡುತ್ತಿತ್ತು, ಮಂದೆ ಪರದೆ ಹರಿದುಕೊಂಡು ಹೋಗುತ್ತಿತ್ತು. ಅವಳು ಮುಷ್ಟಿ ಕಚ್ಚಿಕೊಂಡು ಬಾಗಿಲಿಗೆ ಬೆನ್ನು ಹಾಕಿದಳು. ಮೂಲೆಯ ಕಡೆ ನಡೆಯುತ್ತ, ಅಜ್ಜಿಯ ದನಿ ಕೇಳಿಸದಷ್ಟು ಜೋರಾಗಿ ಗಂಟೆ ಆಡಿಸಿದಳು. ಕುರಿಗಳು ಒಂದೊಂದಾಗಿ ಅವಳ ಹಿಂದೆ ಬಂದವು.